ಗಂಜಿ ಅಂಗಿ ತೊಟ್ಟು ಹೊಂಡಕ್ಕ ಇಳದದ್ದು

ನೀರಾಗ ಮುಳಗೂದ್ರಾಗ ರೋಣ ತಾಲೂಕಿನ್ಯಾಗ ನನ್ನ ಸರಿಸಾಟಿ ಯಾರೂ ಇದ್ದಿಲ್ಲ. ಬೇಕಾದ್ರ ಬಾವ್ಯಾಗ ಕೊಡ ಬೀಳಿಸಿಕೊಂಡ ಹೆಣ್ಮಕ್ಕಳನ್ನ ಕೇಳಿ ನೋಡ್ರಿ. ಅವರು ಇಲ್ಲ ಅಂದ್ರ ನನ್ನ ಹತ್ರ ಬರ್ರಿ, ನಾನಽ ಹೇಳ್ತೀನಿ. ಪಾತಾಳಗರಡಿಗೆ ಸಿಗದ ಕೊಡ ನನ್ನ ಕೈಗೆ ಸಿಗತಿತ್ತು. ಬೆಳವಣಕಿಯೊಳಗ ಹೊಸಾ ಎಂಜಿನ್ನಿನ ಪೈಪು ಬಾವಿ ಕೆಸರಾಗ ಹುಗದು ಕುಂತಾಗ ಅದನ್ನ ಬಿಡಿಸಿ ಬಂದಾಂವ ನಾನು. ಮ್ಯಾಲೆ ಬರೂ ಮುಂದ ಕಲ್ಲಿನ ಸಂದ್ಯಾಗ ಮೂಗಷ್ಟ ಹೊರಗ ಇಟಗೊಂಡು ಕುಂತು, ದಂಡಿ ಮ್ಯಾಲಿನ ಮಂದಿ "ಹೋದ, ಅಂವಾ ಹೋದ" ಅಂತ ಬಾಯಿ ಬಡಕೊಳ್ಳೂದನ್ನ ಕೇಳಿ ಖುಷಿ ಪಟ್ಟಾಂವನೂ ನಾನಽ. ಒಂದ ಸಲ ನನ್ನ ಹೆಂಡತಿನೂ ಅತ್ತಿದ್ಲು. ಭಾಳ ಅಲ್ಲ, ಸ್ವಲ್ಪ.

ಗಜೇಂದ್ರಗಡದ ಹೊಂಡದಾಗ ಮಾತ್ರ ನನಗ ನಗಿ ಬರಲಿಲ್ಲ.

ಮುಂಬೈ ರಾಜ್ಯ ಬಿಟ್ಟು ನಾವು ಮೈಸೂರ ರಾಜ್ಯಕ್ಕ ಕೂಡಿದ ಮ್ಯಾಲಿನ ಮೊದಲನೇ ಥಂಡಿಗಾಲ ಅದು. ಸಂಕ್ರಾಂತಿ ಹತ್ರ ಬಂದಿತ್ತು. ಒಂದಿನ ಮುಂಜಾನೆ ಇಬ್ಬರು ಮಂದಿ ರೋಣಕ್ಕ ನನ್ನ ಮನಿ ಹುಡಿಕ್ಕೊಂಡು ಬಂದ್ರು. ಒಬ್ಬಾಂವ ಗಡದ ನೇಕಾರ ಓಣಿಯ ಹಿರ್ಯಾ, ಬಿಳಿ ಪಟಗಾದ ಅಜ್ಜ. ಇನ್ನೊಬ್ಬರು ಧಾರವಾಡ ಕಡೆಯ ಓವರಸಿಯರ ಸಾಹೇಬ್ರು. ಇನ್ನೂ ಮೀಸಿ ಗಟ್ಟಿ ಆಗಿರದ ಮನಷ್ಯಾ, ಆದ್ರ ಕೋಟಿನ ಗುಂಡಿ ಕೊಳ್ಳತನಕ ಹಾಕ್ಕೊಂಡಿದ್ರು.

ಅಜ್ಜ ಕಟ್ಟಿ ಮ್ಯಾಲೆ ಕುಂತು ನೀರು ಕೇಳಲಿಲ್ಲ, ಚಹಾ ಕೇಳಲಿಲ್ಲ. "ತಮ್ಮಾ, ಹೊಂಡ ಸೋರಾಕತ್ತೈತಿ" ಅಂದ.

ಗಡದ ಗುಡ್ಡದ ಬುಡಕ ಒಂದು ಕಲ್ಲಿನ ಹೊಂಡ. ಮೂರು ಕಡೆ ಬಂಡಿಗಲ್ಲು, ಒಂದು ಕಡೆ ಮೆಟ್ಟಲ. ಗುಡ್ಡದ ಹೊಟ್ಟ್ಯಾಗಿಂದ ಇಳದ ಸೀ ನೀರು ಅದರಾಗ ನಿಂದರತಿತ್ತು. ಓಣಿಯ ಬಾವಿ ಎಲ್ಲಾ ಸವುಳು. ಸವುಳ ನೀರಾಗ ಗಂಜಿ ಕುದಿಸಿ ನೂಲಿಗೆ ಹಚ್ಚಿದ್ರ ನೂಲು ಮಗ್ಗದ ಮ್ಯಾಲೆ ಪಟಪಟ ಹರೀತೈತಿ. ಗಂಜಿ ಇಲ್ಲಂದ್ರ ಸೀರಿ ಇಲ್ಲ. ಹಂಗಾಗಿ ಆ ಓಣಿ ನಿಂತದ್ದಽ ಆ ಹೊಂಡದ ಮ್ಯಾಲೆ.

ಮೆಟ್ಟಲದ ಬಾಜೂಕ ಗ್ವಾಡಿಗೆ ಒಂದು ಆನಿ ಕೊರದಾರ. ನೀರು ಎಷ್ಟ ಐತಿ ಅಂತ ಆ ಆನಿನಽ ಹೇಳತಿತ್ತು. ಹೊಂಡ ತುಂಬಿದಾಗ ಆನಿ ಪೂರಾ ನೀರಾಗ. ಬ್ಯಾಸಿಗಿಗೆ ಬೆನ್ನು ಕಾಣತಿತ್ತು. ಈಗ ಸಂಕ್ರಾಂತಿಗೇ ಬೆನ್ನು ಒಣಗಿ ಕಿವಿ ಕಾಣಸ್ತಿತ್ತು.

"ಆನಿ ಕಾಲು ಹೊರಗ ಬಿದ್ವಂದ್ರ ಉಳದ ನೀರು ಮುಂಗಾರಿತನಕ ಬರೂದಿಲ್ಲ" ಅಂದ ಅಜ್ಜ. "ಮಗ್ಗ ಕಿತ್ತ ಗಾಡಿಗೆ ಹಾಕಿ ಬ್ಯಾರೆ ಊರಿಗೆ ಹೋಗೂದು ಅಂತ ಓಣಿಯವ್ರು ಮಾತಾಡ್ಯಾರ. ನನ್ನ ಸೊಸಿ ಮಗ್ಗದ ಮ್ಯಾಗ ಅರ್ಧ ಹಾಸು ಐತಿ. ಅದನ್ನ ಕೊಯ್ಯಾಂಗಿಲ್ಲ ಅಂತ ಹಟ ಹಿಡದಾಳ."

ಮಗ್ಗಕ್ಕ ಉದ್ದಕ್ಕ ಎಳದ ನೂಲಿಗೆ ಹಾಸು ಅಂತಾರ. ಅದನ್ನ ನೇದು ಮುಗಸದಽ ನಡುವಽ ಕತ್ತರಿ ಹಾಕೂದು ಅಂದ್ರ ಆ ಮಂದಿಗೆ ಒಲಿಮ್ಯಾಲಿನ ಅನ್ನ ಒಯ್ದು ತಿಪ್ಪಿಗೆ ಸುರದಂಗ.

ಓವರಸಿಯರ ಸಾಹೇಬ್ರು ಒಂದು ಕಡ್ಡಿ ತಗೊಂಡು ನೆಲದ ಮ್ಯಾಲೆ ಗೆರಿ ಎಳದ್ರು. "ನೋಡ್ರಿ, ತಳಕ್ಕ ಒಂದು ಹಳೇ ತೂಬು ಅದ. ಹಿಂದಕ ಆ ಕಿಂಡಿಯಿಂದ ತ್ವಾಟಕ್ಕ ನೀರು ಬಿಡತಿದ್ರಂತ. ಆಮ್ಯಾಲೆ ಕಲ್ಲಿನ ಬೆಣಿ ಬಡದು ಮುಚ್ಯಾರ. ಆ ಬೆಣಿ ಸಡ್ಲ ಆಗಿರಬೇಕು. ಈ ನೀರಾಗ ಇಳದು ಅದನ್ನ ಮತ್ತ ಬಡಿಯೂ ಮನಷ್ಯಾ ಬೇಕು."

"ಬಂದೀರಲ್ಲ ಸರಿಯಾದ ಮನಿಗೆ" ಅಂದೆ ನಾನು.

ಮರುದಿನ ಗಡಕ್ಕ ಹೋಗಿ ಲಂಗೋಟಿ ಮ್ಯಾಲೆ ಹೊಂಡಕ್ಕ ಜಿಗದೆ. ಜಿಗದ ಕೂಡ್ಲೇ ನೀರು ಎದಿ ಹಿಡದು ಹಿಂಡಿತು. ನಮ್ಮ ಕಡೆ ಬಾವಿ ನೀರು ಥಂಡಿಗಾಲದಾಗ ಬೆಚ್ಚಗಿರತೈತಿ. ಇದು ಹಂಗಲ್ಲ. ಗುಡ್ಡದ ನೆಳ್ಳಾಗ ವರ್ಷಾನಗಟ್ಟಲೆ ನಿಂತ ನೀರು, ನಡು ಮಧ್ಯಾಹ್ನ ಒಂದೀಟು ಬಿಸಲು ಬಿದ್ರ ಬಿತ್ತು. ಆಳ ಮೂರಾಳು. ನಾನು ಎರಡಾಳು ಇಳಿಯೂದ್ರಾಗ ತಡದಿದ್ದ ಉಸರು ತನ್ನಷ್ಟಕ್ಕ ಹೊರಗ ಬಂತು. ಮ್ಯಾಲೆ ಬಂದು ಮೆಟ್ಟಲ ಹಿಡಕೊಂಡಾಗ ಹಲ್ಲು ಕಟಕಟ ಅಂತಿದ್ವು.

ಮೆಟ್ಟಲದ ಮ್ಯಾಲೆ ಕೊಡ ಹಿಡಕೊಂಡು ನಿಂತಿದ್ದ ಒಬ್ಬಾಕಿ ಕೇಳಿದ್ಲು, "ಯಣ್ಣಾ, ಇಷ್ಟಕ್ಕ ರೋಣದಿಂದ ಬರಬೇಕಾಗಿತ್ತ? ಇಲ್ಲೇ ನಮ್ಮ ಎಮ್ಮಿನೂ ಇಷ್ಟ ಮುಳಗತಾವು." ಆಕಿನಽ ಅಜ್ಜನ ಸೊಸಿ.

ಅವತ್ತ ನನಗ ಖರೇ ಸಿಟ್ಟು ಬಂತು. ಆ ತೂಬು ಮುಚ್ಚದಽ ಬಿಡೂದಿಲ್ಲ ಅಂತ ಅಲ್ಲೇ ಹೇಳಿಬಿಟ್ಟೆ. ಹೇಳಿದ ಮ್ಯಾಲೆ ಹ್ಯಾಂಗ ಮುಚ್ಚೂದು ಅಂತ ವಿಚಾರ ಮಾಡಿದೆ. ನಾ ಯಾವಾಗ್ಲೂ ಹಿಂಗಽ.

ಬೇಕಾಗಿದ್ದು ಮೂರು. ತಳದಾಗ ನಿಂತು ಕೆಲಸ ಮಾಡಾಕ ಗಾಳಿ. ಮೈ ಮರಗಟ್ಟದಂಗ ಏನರ ಅರಬಿ ಬಟ್ಟಿ. ತೇಲದಂಗ ತೂಕ.

ಗಾಳಿಗೆ ನರಗುಂದಕ್ಕ ಹೋದೆ. ಅಲ್ಲಿ ನನ್ನ ದೋಸ್ತ ಒಬ್ಬ ಮೋಟಾರ ಮಿಸ್ತ್ರಿ ಇದ್ದ. ಲಾರಿ ಗಾಲಿಗೆ ಗಾಳಿ ಹೊಡಿಯೂ ಎರಡು ಕೈ ಪಂಪು ಅವನ ಹತ್ರ ಇದ್ವು. ಕೇಳಿದ ಕೂಡ್ಲೇ ಅಂವಾ, "ಲೇ, ಇದು ನಿನ್ನ ಚ್ಯಾಷ್ಟಿ ಇದ್ರ ಈಗಽ ಹೇಳಿಬಿಡು. ಹ್ವಾದ ವರ್ಷ ಬಾವ್ಯಾಗ ಅಡಗಿ ಕುಂತು ನನ್ನ ಕಡೆ ಕಣ್ಣೀರ ಹಾಕ್ಸಿದಿ" ಅಂದ.

"ನಿನ್ನ ಕಣ್ಣೀರು ನೋಡಾಕ ಮೂರಾಳ ನೀರಾಗ ಇಳಿಯೂವಷ್ಟು ಚಂದ ಇಲ್ಲ ಬಿಡೋ" ಅಂದೆ. ಅಂವಾ ನಕ್ಕ, ಕೆಲಸಕ್ಕ ಕುಂತ.

ಚೌಕ ಚಿಮಣಿ ಎಣ್ಣಿ ಡಬ್ಬಿ ಒಂದರ ತಳ ಕೊಯ್ದ. ಹೆಗಲಿಗೆ ಕುಂದರೂವಂಗ ಎರಡೂ ಬಾಜು ಕಮಾನು ತಗದ, ಅಂಚು ಕೊಯ್ಯಬಾರದಂತ ಸೈಕಲ್ ಟಾಯರ ಸೀಳಿ ಹೊಲದ. ಮುಂದ ಕಿಡಕಿ ಕೊರದು ಅವನ ಮಾವನ ಫೋಟೋದ ಕಾಜು ಕೂಡ್ರಿಸಿ, ಸಂದಿಗೆ ಡಾಂಬರ ತುಂಬಿದ. ನೆತ್ತಿಗೆ ರಬ್ಬರ ಕೊಳವಿ. ಕೊಳವಿಯ ಇನ್ನೊಂದ ತುದಿಗೆ ಎರಡೂ ಪಂಪು. ಒಂದು ಏರಿದಾಗ ಇನ್ನೊಂದು ಇಳೀಬೇಕು, ಗಾಳಿ ನಿಲ್ಲಬಾರದು. ಡಬ್ಬಿ ತಲಿಮ್ಯಾಲೆ ಇಟಗೊಂಡು ಇಳದ್ರ, ಬುಡಕ ತೆರದಿದ್ರೂ ಒಳಗಿನ ಗಾಳಿ ನೀರನ್ನ ಗದ್ದದ ಕೆಳಗಽ ತಡೀತೈತಿ. ಹೆಚ್ಚಾದ ಗಾಳಿ ಗುಳುಗುಳು ಅಂತ ಹೊರಗ ಹೋಕ್ಕೈತಿ.

ಆದ್ರ ಗಾಳಿ ತುಂಬಿದ ಡಬ್ಬಿ ಮುಳಗೂದಿಲ್ಲ. ಅದಕ್ಕ ತೂಕ ಬೇಕು. ರೋಣದ ಅಡತಿ ಅಂಗಡಿಯವನ ಕಡೆ ಹೋಗಿ ಜ್ವಾಳ ತೂಗೂ ಕಬ್ಬಿಣದ ಕಲ್ಲು ಬೇಡಿ ತಂದೆ. ಎರಡೂ ಬಾಜುಕ ಕೊಂಡಿ ಹಾಕಿ ಜೋತು ಬಿಟ್ವಿ. ಅಡತಿಯವನ ಕಲ್ಲು ಹೇಳಿದಷ್ಟು ತೂಗೂದಿಲ್ಲ ಅಂತ ಮಿಸ್ತ್ರಿ ಮತ್ತೆರಡು ಹೆಚ್ಚಿಗಿ ಹಾಕಿದ.

ಮೊದಲನೇ ಪರೀಕ್ಷಾ ರೋಣದ ಒಂದು ಬಾವ್ಯಾಗ. ಇಳದು ಸ್ವಲ್ಪ ಹೊತ್ತಿಗೆ ತಲಿ ಗಿರ್ರ ಅಂತು. ಡಬ್ಬ್ಯಾಗ ಉಳದ ಚಿಮಣಿ ಎಣ್ಣಿ ವಾಸನಿ. ಮ್ಯಾಲೆ ಬಂದು ದಂಡಿ ಮ್ಯಾಲೆ ಬಿದ್ದೆ. ಮಿಸ್ತ್ರಿ ಪಂಪಿನ ಹಿಡಕಿ ಬಿಡಲಿಲ್ಲ, "ಏಳಲೇ, ನಾಟಕ ಸಾಕು" ಅಂದ. ನಾ ಅವನ ಕಾಲ ಮ್ಯಾಲೆ ಕಾರಿಕೊಂಡ ಮ್ಯಾಲೆ ನಂಬಿದ. ಡಬ್ಬಿನ್ನ ಬೂದಿ ಹಚ್ಚಿ ತಿಕ್ಕಿ, ಸೀಗಿಕಾಯಿ ನೀರು ಕುದಿಸಿ ತೊಳದು, ಬಿಸಲಾಗ ಒಣಗಿಸಿದ್ವಿ. ನನ್ನ ಹೆಂಡತಿ ಮೂಗಿಟ್ಟು ನೋಡಿ ಹೂಂ ಅನ್ನೂತನಕ ಅದನ್ನ ಮತ್ತ ತಲಿಗೆ ಹಾಕಲಿಲ್ಲ.

ಇನ್ನ ಥಂಡಿ. ಪುರ್ತಗೇರಿ ಕುರುಬರ ಕಡೆಯಿಂದ ಕಂಬಳಿ ತಂದು ಸುತ್ತಿಕೊಂಡು ಇಳದೆ. ನೀರು ಕುಡದು ಅದು ಕರಾ ಹೊತ್ತಂಗ ಆತು. ಬೆಚ್ಚಗೂ ಆಗಲಿಲ್ಲ, ಕೈಕಾಲೂ ಆಡಲಿಲ್ಲ. ಕೌದಿ ಹೊಲಿಸಿ ನೋಡಿದೆ, ಅದೂ ಹಂಗಽ.

ಓವರಸಿಯರ ಸಾಹೇಬ್ರು ನೋಡಿ ಹೇಳಿದ್ರು, "ನೀವು ನೀರನ್ನ ಹೊರಗ ಇಡಾಕ ನೋಡಾಕತ್ತೀರಿ. ಅದು ಆಗೂದಲ್ಲ. ಒಳಗ ಬಂದ ನೀರು ಅಲ್ಲೇ ನಿಂದರೂವಂಗ ಮಾಡ್ರಿ. ನಿಂತ ನೀರು ಮೈ ಕಾವು ಹಿಡೀತದ. ಬಂದು ಹೋಗೂ ನೀರಽ ಥಂಡಿ. ಒತ್ತಾಗಿ ನೇಯ್ದ ಬಟ್ಟಿ ಬೇಕು, ಮೈಗೆ ಹತ್ತಿದಂಗ."

ಇದು ನನಗೂ ಗೊತ್ತಿತ್ತು. ಹೇಳಿದ್ದಿಲ್ಲ ಅಷ್ಟ.

ಬಟ್ಟಿ ಕೆಲಸ ಅಜ್ಜನ ಸೊಸಿಗೆ ಬಿತ್ತು. ಆಕಿ ಅಳತಿ ತಗೊಳ್ಳಾಕ ನೂಲಿನ ಎಳಿ ತಂದ್ಲು. ಅತ್ತೀನ್ನ ಮುಂದ ನಿಲ್ಲಿಸಿ, ಅತ್ತಿ ಕೈಲಿಂದ ನನ್ನ ಎದಿ, ತೋಳು, ಕುತಗಿ ಅಳಿಸಿ ಎಳಿಗೆ ಗಂಟು ಹಾಕ್ಕೊಂಡ್ಲು.

"ಹೊಟ್ಟಿ ಒಳಗ ಎಳಕೋಬ್ಯಾಡ್ರಿ ಯಣ್ಣಾ. ನೀರಾಗ ಯಾರ ನೋಡ್ತಾರ" ಅಂದ್ಲು.

"ಮೀನ ನೋಡ್ತಾವ ತಂಗಿ."

"ಅವು ನಕ್ಕಾವು. ಬಿಡ್ರಿ."

ಒತ್ತಾಗಿ ನೇಯ್ದ ದಪ್ಪ ಬಟ್ಟಿ, ನಾಕ ಪದರು, ತುಂಬ ತೋಳು. ಗುಂಡಿ ಬ್ಯಾಡ, ಮುಂದ ಕಸಿ ಹಚ್ತೀನಿ, ಒಂದ ತುದಿ ಎಳದ್ರ ಬಿಚ್ಚಬೇಕು ಅಂದ್ಲು. ಥಂಡ್ಯಾಗ ಬೆರಳು ಗಂಟು ಬಿಚ್ಚೂದಿಲ್ಲ ಅನ್ನೂದು ಆಕಿಗೆ ಗೊತ್ತಿತ್ತು. ಥಂಡಿಗಾಲದ ನಸುಕಿನ್ಯಾಗ ದಿನಾ ಹರದ ಎಳಿ ಕೂಡ್ಸೂ ಕೈ ಅದು.

ಅಂಗಿ ತಯಾರಾಗೂದ್ರಾಗ ಆನಿ ಕಣ್ಣು ಕಾಣಿಸ್ತು, ಸೊಂಡಿ ಕಾಣಿಸ್ತು. ಅಜ್ಜ ದಿನಾ ಮುಂಜಾನೆ ಒಬ್ಬಾಂವಽ ಬಂದು ಆನಿ ಮುಂದ ನಿಂತು ಹೋಗತಿದ್ದ. ಓಣ್ಯಾಗ ಇಬ್ಬರು ಆಗಲೇ ಗಾಡಿ ಗೊತ್ತ ಮಾಡಿದ್ರು. ಒಂದಿನ ಆನಿ ಮಣಕಾಲು ಕಾಣಿಸಿದ್ವು. ಇನ್ನ ಪರೀಕ್ಷಾ ಗಿರೀಕ್ಷಾ ಸಾಕು, ನಾಳೆ ಇಳೀತೀನಿ ಅಂದೆ.

ಇಳಿಯೂಕಿಂತ ಮೊದಲ ಓವರಸಿಯರ ಸಾಹೇಬ್ರು ಒಂದು ತೂತಿನ ತಂಬಿಗಿ ತರಿಸಿದ್ರು. ಅದರಾಗ ನೀರು ತುಂಬಿ, ಬೇವಿನ ಎಲಿ ಒಂದು ಬಿಟ್ರು. ಎಲಿ ಸುಮ್ಮನ ತಿರಿಗ್ಯಾಡಿತು. ತೂತಿನ ಹತ್ರ ಹೋದದ್ದಽ ತಡ, ಚಕ್ಕನ ಎಳಕೊಂಡು ತೂತಿಗೆ ಅಂಟಿತು.

"ದೂರ ಇದ್ದಾಗ ಏನೂ ಗೊತ್ತಾಗೂದಿಲ್ಲ. ಹತ್ರ ಹೋದ್ಮ್ಯಾಲೆ ಗೊತ್ತಾಗಿ ಉಪಯೋಗ ಇಲ್ಲ. ಮೂರಾಳ ನೀರಿನ ತೂಕ ಹಿಂದಿಂದ ನೂಕತದ. ಕಾಲು ಸಿಕ್ರ ನಾಕ ಮಂದಿ ಎಳದ್ರೂ ಬರೂದಿಲ್ಲ. ತೂಬಿನ ಎದುರಿಗೆ ಹೋಗಬ್ಯಾಡ್ರಿ, ಗ್ವಾಡಿ ಹಿಡದು ಬಾಜುದಿಂದ ಹೋಗ್ರಿ. ಎಲ್ಲಿ ಎಳೀತದ ಅಂತ ತಿಳಿಯೂತನಕ ಕಾಲು ಮುಂದ ಇಡಬ್ಯಾಡ್ರಿ."

"ಸಾಹೇಬ್ರ, ನಾ ಬೇವಿನ ಎಲಿ ಅಲ್ರಿ" ಅಂದೆ. ಎಲ್ಲಾರೂ ನಕ್ಕರು. ಅವರೊಬ್ಬರು ನಗಲಿಲ್ಲ.

ನಡು ಮಧ್ಯಾಹ್ನ. ಬಿಸಲು ನೆಟ್ಟಗ ಹೊಂಡಕ್ಕ ಇಳದಾಗ ತಳ ಮಸಕ ಮಸಕ ಕಾಣತಿತ್ತು. ಮೈಗೆ ಔಡಲ ಎಣ್ಣಿ ಹಚ್ಚಿ ತಿಕ್ಕಿಸಿಕೊಂಡೆ. ಆಗ ಸೊಸಿ ಅಂಗಿ ತಂದು ಕೊಟ್ಲು. ನೋಡ್ತೀನಿ, ಹಲಗಿ ಹಂಗ ನಿಂತೈತಿ.

"ಇದೇನ ತಂಗಿ, ಅಂಗಿಯೋ ಬಾಗಲೋ?"

"ನಿನ್ನೆ ಸಂಜಿಮುಂದ ಗಂಜಿ ಹಾಕೀನ್ರಿ."

"ನೀರಿಗೆ ಇಳಿಯೂ ಅಂಗಿಗೆ ಗಂಜಿ ಯಾಕವಾ?"

"ಮತ್ತ? ಹಸೀ ಬಟ್ಟಿ ಹ್ಯಾಂಗ ಕೊಡೂದು ಹೊರಗಿನವ್ರ ಕೈಯಾಗ? ನಮ್ಮ ಮನ್ಯಾಗಿಂದ ಗಂಜಿ ಇಲ್ಲದ ಬಟ್ಟಿ ಹೊರಗ ಹೋಗಿಲ್ಲ." ಮೈತುಂಬ ಸೆರಗ ಹೊದ್ದು ನಿಂತ್ಲು. ಗಂಜಿ ಹಾಕದಽ ಕೊಟ್ರ ನಾಚಿಗಿ ಆಕಿಗೆ, ನನಗಲ್ಲ ಅನ್ನೂವಂಗ.

ನಾನೂ ಏನೂ ವಿಚಾರ ಮಾಡಲಿಲ್ಲ. ಮಾತಿಗೆ ನಕ್ಕು ತೋಳು ಹಾಕಿದೆ. ಮಿಸ್ತ್ರಿ ಒಂದು ಹಗ್ಗಾನ್ನ ಡಬ್ಬಿಯ ಹಿಡಕಿಗೆ ಕಟ್ಟಿದ. ಅದನ್ನ ಅಷ್ಟು ತೂಕದ ಕೂಡ ನೀರಾಗಿಂದ ಎತ್ತೂದು ಹಗ್ಗದ ಕೆಲಸ. ಎರಡು ಸಲ ಎಳದ್ರ ಗಾಳಿ ಹೆಚ್ಚಿಗಿ ಹೊಡಿ, ಮೂರು ಸಲ ಎಳದ್ರ ಮ್ಯಾಲೆ ಎತ್ತು. ಇಷ್ಟ ಮಾತು.

"ಚ್ಯಾಷ್ಟಿ ಮಾಡೂದಿಲ್ಲ ಅಂತ ಆಣಿ ಮಾಡು" ಅಂದ ಮಿಸ್ತ್ರಿ.

ನಾನು ಡಬ್ಬ್ಯಾಗ ತಲಿ ಹಾಕ್ಕೊಂಡೆ, ಕೇಳಿಸಲಿಲ್ಲ ಅನ್ನೂವಂಗ.

ಮೆಟ್ಟಲ ಹಿಡದು ಇಳದೆ. ನೀರು ತೊಡಿಗೆ, ಸೊಂಟಕ್ಕ, ಕುತಗಿಗೆ ಬಂತು. ಡಬ್ಬಿ ಮುಳುಗಿತು. ಮ್ಯಾಲಿನ ಮಾತೆಲ್ಲಾ ಒಮ್ಮಿಗೇ ನಿಂತು, ಕಿವ್ಯಾಗ ಪಂಪಿನ ಸಪ್ಪಳ ಅಷ್ಟ ಉಳೀತು. ಹುಸ್, ಹುಸ್. ಅಂಗ್ಯಾಗ ನೀರು ಹೊಕ್ಕಾಗ ಜೀವ ಝಲ್ ಅಂತು, ಆದ್ರ ಸ್ವಲ್ಪ ಹೊತ್ತಿಗೆ ಎದಿ ಹತ್ರ ಬೆಚ್ಚಗಾತು. ಸಾಹೇಬ್ರು ಹೇಳಿದ್ದು ಖರೇ ಆತು. ತಳಕ್ಕ ಬಂದು ನಿಂತೆ. ಒಂದ ಕೈಯಾಗ ಬಟ್ಟಿ ಸುತ್ತಿದ ಕಟಗಿ ಬೆಣಿ, ಇನ್ನೊಂದ ಕೈಯಾಗ ಹದಾ ಮಾಡಿದ ಎರಿಮಣ್ಣಿನ ಚೀಲ, ಸೊಂಟಕ್ಕ ಸುತ್ತಿಗಿ. ಎದುರಿನ ಗ್ವಾಡ್ಯಾಗ ತೂಬಿನ ಬಾಯಿ ಕರ್ರಗ ಕಾಣಿಸ್ತು. ಎರಡು ಹೆಜ್ಜಿ ಹಾಕಿರಬೇಕು.

ಅಷ್ಟರಾಗ ಕಣ್ಣ ಮುಂದ ಬೆಳ್ಳಗಾತು.

ಮೊದಲ ಕಾಜಿಗೆ ಉಸರು ಹಿಡೀತು ಅಂತ ತಿಳದೆ. ಅಲ್ಲ. ನನ್ನ ಮೈಯಿಂದಽ ಹೊಗಿ ಎದ್ದಂಗ ಏನೋ ಏಳಾಕತ್ತಿತ್ತು. ತೋಳಿಂದ, ಎದಿಯಿಂದ, ಹಾಲು ಚೆಲ್ಲಿದಂಗ. ಗಂಜಿ. ನಾಕ ಪದರಿನ ಗಂಜಿ ನೀರಿಗೆ ಬಿಟ್ಟಿತ್ತು. ನನ್ನ ಕೈ ನನಗಽ ಕಾಣಲಿಲ್ಲ. ಕುರುಡನಂಗ ನಿಂತೆ. ಆ ಸೊಸಿಗೆ, ಆಕಿ ಗಂಜಿ ಗಡಗಿಗೆ, ಓಣಿಯ ಎಲ್ಲಾ ಒಲಿಗೆ ಡಬ್ಬಿಯೊಳಗಽ ಬೈದೆ. ಬೈಗಳ ಡಬ್ಬ್ಯಾಗ ತಿರಿಗಿ ನನ್ನ ಕಿವಿಗೇ ಬಡದ್ವು.

ಮುಂದ ನಡದುಬಿಡಬೇಕು ಅನಿಸ್ತು. ತೂಬು ಎಲ್ಲಿ ಐತಿ ನೋಡೇನಲ್ಲ, ನಾಕ ಹೆಜ್ಜಿ. ಕಾಲು ಎತ್ತಿದೆ. ಎತ್ತಿದ ಕಾಲು ಇಡೂಕಿಂತ ಮೊದಲ ಯಾಕೋ ಆ ಬೇವಿನ ಎಲಿ ನೆನಪಾತು. ಕಾಲು ಮತ್ತ ಇದ್ದಲ್ಲೇ ಇಟ್ಟೆ. ಅಲ್ಲಾಡದ ನಿಂತೆ.

ನಿಂತಾಗ ಕಾಣಿಸ್ತು. ಗಂಜಿ ಸುಮ್ಮನ ನಿಂತಿದ್ದಿಲ್ಲ. ಅದು ನಡದಿತ್ತು. ಎಳಿ ಎಳಿಯಾಗಿ ಬಾಗಿ, ಮಗ್ಗಕ್ಕ ಹಾಸು ಎಳದಂಗ, ಎಲ್ಲಾ ಒಂದಽ ಕಡೆ ಹೊಂಟಿತ್ತು. ತೂಬಿನ ಕಡೆ ಅಲ್ಲ. ತೂಬಿನ ಬಾಯಿ ಮುಂದ ಹಾದ್ರೂ ಅದರೊಳಗ ಒಂದ ಎಳಿನೂ ಹೋಗಲಿಲ್ಲ. ಹಳೇ ಮಂದಿ ಬಡದ ಬೆಣಿ ಹಂಗಽ ಗಟ್ಟಿ ಇತ್ತು. ಬಿಳಿ ಎಳಿ ಎಲ್ಲಾ ನನ್ನ ಎಡಗಾಲಿನ ಮುಂದ ಇಳದು, ತಳದ ಹಾಸಗಲ್ಲಿನ ಬುಡಕ ಹೊಕ್ಕು ಮಾಯ ಆಗತಿದ್ವು. ಅಲ್ಲಿ ಕಲ್ಲು ಜಾರಿ ಒಂದು ಸೀಳು ಬಿಟ್ಟಿತ್ತು. ಮೊಳದುದ್ದ, ಒಳಗ ಕಾಲು ಹೋಗೂವಷ್ಟು ಅಗಲ. ನಾನು ಎತ್ತಿದ್ದ ಕಾಲು ಇಡಬೇಕಾಗಿದ್ದು ಅಲ್ಲೇ.

ಥಂಡಿಗೋ ಹೆದರಿಕಿಗೋ ಗೊತ್ತಿಲ್ಲ, ಒಂದು ಹೆಜ್ಜಿ ಹಿಂದ ಇಟ್ಟೆ. ನಾನು ಹೆದರೂದಿಲ್ಲ, ಅಂದ್ರ ಥಂಡಿಗೇ ಇರಬೇಕು.

ಬೆಣಿ ಆ ಸೀಳಿಗೆ ಸಣ್ಣದು. ಬಾಜೂಕ ಸರದು ಕುಂತು ಮಣ್ಣಿನ ಚೀಲ ಅದರ ಬಾಯಿಗೆ ತಳ್ಳಿದೆ. ಕೈ ಬಿಟ್ಟಿದ್ದಽ ತಡ, ಗುಟುಕ್ ಅಂತ ನುಂಗಿತು. ಇಡೀ ಚೀಲ. ಒಂದು ಕ್ಷಣ ನಿಂತಂಗಾಗಿ ಮತ್ತ ಎಳಿಯಾಕ ಹತ್ತಿತು, ಮೊದಲಗಿಂತ ಜೋರ. ಮಣ್ಣು ಹೋಗ್ತಾ ಸಂದಿ ಕೆರಕೊಂಡು ಹೋಗಿತ್ತು. ಈಗ ನೀರು ಹೋಗೂ ಸಪ್ಪಳ ಕಾಲಿಗೆ ತಿಳಿಯಾಕ ಹತ್ತಿತು.

ಅದಽ ಹೊತ್ತಿಗೆ ಡಬ್ಬ್ಯಾಗ ನೀರು ಗದ್ದಕ್ಕ ಬಂತು. ಆಮ್ಯಾಲೆ ತುಟಿಗೆ. ಹುಸ್ ಹುಸ್ ಅನ್ನೂ ಸಪ್ಪಳ ಒಂದಽ ಆಗಿತ್ತು. ಪಂಪಿನ ತೊಗಲಿನ ವಾಶರ ಒಣಗಿ ಒಂದು ಪಂಪು ಕೆಟ್ಟದ್ದು ನನಗ ಆಮ್ಯಾಲೆ ಗೊತ್ತಾತು. ಹಗ್ಗ ಎರಡು ಸಲ ಎಳದೆ. ಗಾಳಿ ಹೆಚ್ಚಾಗಲಿಲ್ಲ. ಇನ್ನ ಮೂರು ಸಲ ಎಳೀಬೇಕು, ಅಷ್ಟಽ. ಎಳದ್ರ ಮ್ಯಾಲೆ ಹೋಕ್ಕೀನಿ. ಹ್ವಾದ್ರ ಬಿಸಲು ಹೊಂಡ ದಾಟತೈತಿ. ಅಂಗಿಯ ಗಂಜಿ ಮುಗದಿರತೈತಿ, ಮತ್ತ ಸೀಳು ಕಾಣೂದಿಲ್ಲ. ನಾಳಿಗೆ ಆ ಬಾಯಿ ಎಷ್ಟ ದೊಡ್ಡದು ಆಗಿರತೈತೋ. ಆನಿ ಮಣಕಾಲು ಆಗಲೇ ಒಣಗ್ಯಾವು. ಮಾಡಿದ್ದು ನಾನಽ, ಮಣ್ಣು ತುರಕಿ ಬಾಯಿ ಅಗಲ ಮಾಡಿದ್ದು.

ಹಗ್ಗ ಬಿಟ್ಟೆ.

ಆ ಸೀಳಿಗೆ ತಾನಽ ಎಳಕೊಂಡು ತಾನಽ ಅಂಟೂವಂಥಾದ್ದು ಬೇಕಿತ್ತು. ಒತ್ತಾಗಿ ನೇಯ್ದದ್ದು, ನಾಕ ಪದರಿಂದು, ಹರಿಯಲಾರದ್ದು. ಅದು ನನ್ನ ಮೈಮ್ಯಾಲೆನಽ ಇತ್ತು. ಆದ್ರ ಡಬ್ಬಿ ತಲಿಮ್ಯಾಲೆ ಇರೂತನಕ ಅಂಗಿ ಬಿಚ್ಚಾಕ ಬರೂದಿಲ್ಲ. ಬಿಚ್ಚಿದ ಅಂಗಿ ಮ್ಯಾಲೆ ಹೇರಾಕ ತೂಕನೂ ಬೇಕು, ತೂಕ ಇದ್ದದ್ದು ಡಬ್ಬಿಗೆ.

ಉಳದ ಗಾಳಿನ್ನ ಎದಿತುಂಬ ಎಳಕೊಂಡೆ. ಕುಕ್ಕರಗಾಲಿಲೆ ಕುಂತು ಡಬ್ಬಿ ಬುಡಕಿಂದ ತಲಿ ತಗದೆ. ಒಂದ ಕಡೆ ಕೊಂಡಿ ಬಿಡಿಸಿದೆ, ಡಬ್ಬಿ ವಾಲಿ ಭಡಭಡ ಗಾಳಿ ಕಾರಿತು. ಇನ್ನೊಂದ ಕಡೆ ಬಿಡಿಸಿದೆ. ಅಷ್ಟು ದಿನ ತಿಕ್ಕಿ ತೊಳದು ಕಟ್ಟಿದ ಡಬ್ಬಿ ನನ್ನ ಬಿಟ್ಟು ಮ್ಯಾಲೆ ಹೋತು.

ಈಗ ಕಸಿ. ಬೆರಳು ಕಟಗಿ ಆಗಿದ್ವು. ಹಿಡಿಯಾಕ ಬರಲಿಲ್ಲ. ತುದಿ ಹಲ್ಲಾಗ ಹಿಡದು ಎಳದೆ, ಬಿಚ್ಚಿತು. ಇನ್ನೊಂದು ಎಳದೆ, ಬಿಚ್ಚಿತು. ಬಲಗೈ ಹೊರಗ ಬಂತು. ಅಂಗಿ ನೀರಾಗ ರೆಕ್ಕಿ ಬಿಚ್ಚಿದಂಗ ಅಗಲ ಆತು, ಅಗಲ ಆಗಿದ್ದಽ ಸೀಳಿಗೆ ಸಿಕ್ಕಿತು. ಎಡಗೈ ಇನ್ನೂ ತೋಳಿನ್ಯಾಗ. ಅಂಗಿ ಕೂಡ ನನ್ನ ಕೈನೂ ಎಳೀತು. ಮಣಕಟ್ಟು ಹೋತು, ಮೊಣಕೈ ಕಲ್ಲಿಗೆ ಬಡೀತು. ಗ್ವಾಡಿಗೆ ಕಾಲು ಕೊಟ್ಟು ಎಳದೆ, ಬರಲಿಲ್ಲ. ನಾಕ ಮಂದಿ ಎಳದ್ರೂ ಬರೂದಿಲ್ಲ ಅಂತ ಸಾಹೇಬ್ರು ಹೇಳಿದ್ದು ಕಿವ್ಯಾಗ ಬಂತು. ಎಳೀಬಾರದು ಅಂತ ಆಗ ತಿಳೀತು. ಜಗ್ಗೂದು ಬಿಟ್ಟು ಕೈಯನ್ನ ಹಿಂಗ ಹೊಳ್ಳಿಸಿದೆ, ತೋಳಿನೊಳಗಽ, ಬೆಣ್ಣ್ಯಾಗಿಂದ ಕೂದಲ ತಗದಂಗ. ಔಡಲ ಎಣ್ಣಿ ಇನ್ನೂ ಚರ್ಮಕ್ಕ ಹಿಡದಿತ್ತು. ಕೈ ಜಾರಿ ಬಂತು. ಮೊಣಕೈ ಮ್ಯಾಲಿನ ತೊಗಲು ಅಲ್ಲೇ ಉಳೀತು. ಬೇಕಾದ್ರ ಗುರುತು ತೋರಸ್ತೀನಿ.

ಅಂಗಿ ಸೀಳಿನ ತುಂಬ ತುರಕೊಂಡು ಉಬ್ಬಿ ನಿಂತಿತ್ತು. ಅದರ ಮ್ಯಾಲೆ ಅಡತಿಯವನ ಕಲ್ಲು ಒಂದರ ಮ್ಯಾಲೊಂದು ದಬ್ಬಿದೆ. ಕಡೇದು ಇಟ್ಟದ್ದು ನೆನಪಿಲ್ಲ.

ಮ್ಯಾಲೆ ಬಂದಾಗ ತಿಳಿ ಬಿಸಲು. ನಾನು ಎದ್ದದ್ದು ಮೆಟ್ಟಲ ಕಡೆ ಅಲ್ಲ, ಎದುರಿನ ಬಂಡಿಗಲ್ಲಿನ ಸಂದ್ಯಾಗ. ಮೂಗಷ್ಟ ಹೊರಗ. ಆಕಡೆ ಮೆಟ್ಟಲ ಮ್ಯಾಲೆ ಮಂದೆಲ್ಲಾ ಖಾಲಿ ಡಬ್ಬಿ ಸುತ್ತ ನಿಂ​ತಿದ್ರು. ಅಜ್ಜ ಪಟಗಾ ತಗದು ಕೈಯಾಗ ಹಿಡಕೊಂಡಿದ್ದ.

"ಏನೂ ಆಗಿಲ್ಲರಿ, ಹೆದರಬ್ಯಾಡ್ರಿ. ಅಂವಾ ಹಿಂಗಽ. ಎಲ್ಲೋ ಮೂಗಷ್ಟ ಹೊರಗ ತಗದು ಕುಂತಿರ್ತಾನ ಮಗಾ" ಅಂತಿದ್ದ ಮಿಸ್ತ್ರಿ. ಅವನ ದನಿ ನಡುವಽ ಒಡೀತು.

ನಾ ಖರೇನಽ ಮೂಗು ತಗದು ಕುಂತಿದ್ದೆ. ಕೂಗಬೇಕಂದ್ರ ದವಡಿ ತೆರೀಲಿಲ್ಲ. ಕಲ್ಲು ಹಿಡಿಯಬೇಕಂದ್ರ ಕೈ ಮುಚ್ಚಲಿಲ್ಲ. ಜನ್ಮದಾಗ ಮೊದಲನೇ ಸಲ ನಾನು ಇಲ್ಲಿದ್ದೀನಿ ಅಂತ ಹೇಳಬೇಕಾಗಿತ್ತು, ಬರಲಿಲ್ಲ. ನೀರು ಮತ್ತ ಕಣ್ಣಿಗೆ ಬಂತು.

"ಅಲ್ಲಿ. ಕಲ್ಲಿನ ಹತ್ರ ಕರ್ರಗ ಏನೈತಿ?" ಅದು ಸೊಸಿ ದನಿ.

ಆಮ್ಯಾಲೆ ದಬ್ ಅಂತ ಸಪ್ಪಳ. ಓವರಸಿಯರ ಸಾಹೇಬ್ರು ಕೋಟು ಬೂಟು ಸಮೇತ ಹಾರಿದ್ರು. ನನ್ನ ಜುಟ್ಟು ಹಿಡದು ಎಳಕೊಂತ ಮೆಟ್ಟಲಿಗೆ ತಂದ್ರು. ಅವರಿಗೆ ಈಜು ಬರತೈತಿ ಅಂತ ನನಗ ಅವತ್ತ ಗೊತ್ತಾತು. ಒಂದ ಮಾತರ ಹೇಳಿದ್ದಿಲ್ಲ ನೋಡ್ರಿ, ಅಂಥಾ ಹೊಟ್ಟಿಕಿಚ್ಚು.

ಅಜ್ಜನ ಮನಿಗೆ ಹೊತಗೊಂಡು ಹೋಗಿ ಮಗ್ಗದ ಕುಣಿ ಬಾಜೂಕ ಮಲಗಿಸಿದ್ರು. ಕೌದಿ ಮ್ಯಾಲೆ ಕೌದಿ. ಮಾತು ಬಂದ ಮ್ಯಾಲೆ ಎಲ್ಲಾ ಹೇಳಿದೆ. ನಾ ಹೇಳಿದ್ದು ನಂಬಾಕ ಆನಿ ಸಾಕ್ಷಿ ಹೇಳಬೇಕಾಗಿತ್ತು.

ಸಂಜಿಮುಂದ ಮಿಸ್ತ್ರಿ ಹೋಗಿ ಬಂದ. "ನೀರು ಆನಿ ಉಗುರಿನ ಮ್ಯಾಲೆ ಐತಿ" ಅಂದ. ಇಳೀತೈತೋ ನಿಂತೈತೋ ಹೇಳಲಿಲ್ಲ. ಅಜ್ಜ ಉಣ್ಣಲಿಲ್ಲ, ಇಟಗಿ ಊರಿನ ದೇವಿ, ಅವ್ವಗ ಹರಕಿ ಹೊತ್ತು ಒಂದು ತೆಂಗಿನಕಾಯಿ ಎತ್ತಿಟ್ಟು ಬಾಗಲಾಗ ಕುಂತ. ಗಾಡಿ ಗೊತ್ತ ಮಾಡಿದವ್ರೂ ಬಂದು ಕಟ್ಟಿ ಮ್ಯಾಲೆ ಕುಂತ್ರು.

ಮುಂಜಾನೆ ಬೆಳಕು ಹರಿಯೂದ್ರಾಗ ಅಜ್ಜ ಹೊಂಡಕ್ಕ ಹೋದ. ನಾನೂ ಮಿಸ್ತ್ರಿ ಹೆಗಲ ಹಿಡಕೊಂಡು ಹೋದೆ. ಅಜ್ಜ ಮೆಟ್ಟಲ ಮ್ಯಾಲೆ ಕುಂತು ಆನಿ ಕಾಲಿಗೆ ಕೈ ಹಚ್ಚಿದ. ಉಗುರಿನ ಮ್ಯಾಲೆ ನೀರು ನಿನ್ನೆ ಎಷ್ಟಿತ್ತೋ ಅಷ್ಟಽ ಇತ್ತು. ಅಂವಾ ಕೈ ತಗೀಲಿಲ್ಲ ಭಾಳ ಹೊತ್ತು. ಆಮ್ಯಾಲೆ ಹಸೀ ಕೈಯನ್ನ ಮುಖಕ್ಕ ಒರಸಿಕೊಂಡು, "ಗಾಡಿಯವ್ರಿಗೆ ಹೋಗಾಕ ಹೇಳ್ರಿ" ಅಂದ.

ಓವರಸಿಯರ ಸಾಹೇಬ್ರು ಬ್ಯಾಸಿಗ್ಯಾಗ ಮತ್ತ ಬಂದು, ಗಾರಿ ಕೆಲಸದವ್ರನ್ನ ತಂದು ಆ ಸೀಳಿನ ಇನ್ನೊಂದ ಬಾಯಿ ಹೊರಗ ಹುಡುಕಿ ಅಲ್ಲಿಂದ ಕಟ್ಟಿಸಿದ್ರು. ಒಳಗಿನ ಅಂಗಿ ಅಲ್ಲೇ ಐತಿ. ಅಡತಿಯವನ ಕಲ್ಲೂ ಅಲ್ಲೇ ಅದಾವು. ಅವು ತಮ್ಮ ಜನ್ಮದಾಗ ಮೋಸ ಇಲ್ಲದ ಮಾಡಿದ ಕೆಲಸ ಅಂದ್ರ ಅದೊಂದಽ.

ಅಂಗಿಗೆ ಗಂಜಿ ಹಾಕಸೂ ಯುಕ್ತಿ ನಂದಽ ಅಂತ ನಾ ರೋಣ, ನರಗುಂದ ಎಲ್ಲಾ ಕಡೆ ಹೇಳಿಕೋತ ಬಂದೆ. ಹರಿಯೂ ನೀರು ಕಾಣಬೇಕಂದ್ರ ಅದಕ್ಕ ಬಣ್ಣ ಕೊಡಬೇಕಪಾ, ನಾ ಮೊದಲಽ ವಿಚಾರ ಮಾಡಿ ಆಕಿಗೆ ಹೇಳಿದ್ದೆ ಅಂತ. ಮಂದಿ ಭಾಳ ಮೆಚ್ಚಿದ್ರು. ಮಾತು ಗಡಕ್ಕೂ ಹೋಗಿ ಮುಟ್ಟಿತು.

ಹಾಸು ಮುಗದ ದಿನ ಅಜ್ಜನ ಮನಿಯಿಂದ ನನಗ ಕರಿ ಬಂತು. ಹೋದೆ. ಸೊಸಿ ಕಡೇ ಸೀರಿಯ ಸೆರಗು ನೇದು, ಲಾಳಿ ಬಾಜೂಕ ಇಟ್ಟು, ನನ್ನ ಕಣ್ಣ ಮುಂದಽ ಹಾಸಿನ ನೂಲಿಗೆ ಕತ್ತರಿ ಹಾಕಿದ್ಲು. ಸೀರಿ ಮಡಚಿ ಅತ್ತಿ ಕೈಯಾಗ ಕೊಟ್ಟು ಒಳಗ ಹೋದ್ಲು.

ಚಹಾ ಬರತೈತಿ ಅಂತ ನಾ ಸರಿಯಾಗಿ ಕುಂತೆ.

ಆಕಿ ಎರಡೂ ಕೈಲಿಂದ ಒಂದು ದೊಡ್ಡ ಬಟ್ಟಲ ತಂದು ನನ್ನ ಮುಂದ ಇಟ್ಲು. ಹೊಗಿ ಆಡತಿತ್ತು. ಬೆಳ್ಳಗ, ದಪ್ಪಗ, ಬಟ್ಟಲ ತುಂಬ ಗಂಜಿ.

"ಕುಡೀರಿ ಯಣ್ಣಾ" ಅಂದ್ಲು. "ಕಣ್ಣು ಚಲೋ ಕಾಣಸ್ತಾವು."